ಸೈದಾ ಅತ್ತೆಯ ಉಪ್ಪು ಚಹಾ

೨೨ ಡಿಸೆಂಬರ್ ೧೯೮೦, ಹರಪನಹಳ್ಳಿ

ಕಾಲೇಜಿಗೆ ರಜೆ. ಎಂದಿನಂತೆ ಅಪ್ಪನ ಗ್ಯಾರೇಜಿನಲ್ಲಿ ಪಂಕ್ಚರ್. ಎಂದಿನಂತೆ ಬೈಗುಳ. ಒಂದು ಲಾರಿಯ ಹಾರನ್ ವೈರನ್ನು ಬ್ರೇಕ್ ಲೈಟಿಗೆ ಜೋಡಿಸಿಬಿಟ್ಟೆ. ಬ್ರೇಕ್ ಒತ್ತಿದಾಗಲೆಲ್ಲ ಹಾರನ್! ಲೋಕಕಲ್ಯಾಣಾರ್ಥ.

ಸಂಜೆ ರಾಜಾಜ್ಞೆ ಹೊರಟಿತು: ನಾಳೆ ನಾವು ಮೂವರೂ ಹಂಪಸಾಗರಕ್ಕೆ, ಸೈದಾ ಅತ್ತೆಯ ಮನೆಗೆ. ಅಪ್ಪನ ಒಬ್ಬಳೇ ತಂಗಿ. ಹಿನ್ನೀರು ನೋಡುವುದು, ಮೀನು ತಿನ್ನುವುದು, ಆಮೇಲೆ ಅವರನ್ನೂ ಕರೆತಂದು ಉಚ್ಚಂಗಿದುರ್ಗದ ಕೋಟೆ ತೋರಿಸುವುದು. ಜೀಪು ಹೇಳಿಯಾಗಿದೆ.

ಇದು ಪ್ರಕಟಿತ ಕಾರ್ಯಕ್ರಮ. ಗುಪ್ತ ಕಾರ್ಯಕ್ರಮ ಅವ್ವ ಪಿಸುಗುಟ್ಟಿದ್ದು: ಅತ್ತೆಯ ಮಗಳು ಜುಬೇದಾಳನ್ನು ಅಪ್ಪ ನನಗೆ ಕೇಳಲಿದ್ದಾನೆ! ಅತಿ ಗುಪ್ತ ಕಾರ್ಯಕ್ರಮ ನನ್ನದೇ: ಕೋಟೆಯ ಮೆಟ್ಟಿಲ ಮೇಲೆ ಜುಬೇದಾಳ ಕೈ ಹಿಡಿಯುವುದು. ಅತ್ತೆ ಅವಳನ್ನು ನನ್ನ ಹತ್ತಿರ ಕೂರಲೂ ಬಿಡುವುದಿಲ್ಲ. ನೆವ ಬೇಕು. ನೆವ: ಮೆಟ್ಟಿಲು ಜಾರುತ್ತವೆ. ಮಳೆಯಿಲ್ಲ... ಇರಲಿ.

೨೪, ಹಂಪಸಾಗರ

ಬೆಳಿಗ್ಗೆ ಹಿನ್ನೀರು. ಹಲ್ಲು ಕಟಕಟ. ಮಂಜಿನೊಳಗೆ ಒಂದು ಹರಿಗೋಲು. ಜುಬೇದಾ ದೂರದಲ್ಲಿ, ತಲೆಯ ಮೇಲೆ ಸೆರಗು, ಪಕ್ಕದಲ್ಲಿ ಕಾವಲಿಗೆ ಅತ್ತೆ. ನೀರಿಗೆ ಭಾಷಣ ಮಾಡಿದೆ — “ತುಂಗಭದ್ರೆಯೇ, ಜಮಾಲುದ್ದೀನ ಬಂದಿದ್ದಾನೆ, ಎದ್ದು ನಿಲ್ಲು!”

“ಮೊಸಳಿ ಎದ್ದು ಬಂದೀತು, ಸುಮ್ನಿರ್ರಿ ಭಾಷಣದೋರ,” ಅಂದಳು ಜುಬೇದಾ. ಸೆರಗಿನೊಳಗೇ ನಕ್ಕಳು.

ಇಷ್ಟು ಸಾಕು. ನಾಳೆ ಅಪ್ಪ ಕೇಳುತ್ತಾನೆ.

೨೫, ಸಂಜೆ

ಬರೆಯಬೇಕು. ಬರೆದರೆ ನಿಜವಾಗಿಬಿಡುತ್ತದೆ.

ಮಧ್ಯಾಹ್ನ ದೊಡ್ಡವರೆಲ್ಲ ಪಡಸಾಲೆಯಲ್ಲಿ. ಅಪ್ಪ ಗಂಟಲು ಸರಿಮಾಡಿಕೊಂಡ. ಶುಭಕಾರ್ಯದ ಮೊದಲು ನಗು ಇರಲಿ ಎಂದು ನಾನು ಚಹಾಕ್ಕೆ ಸಕ್ಕರೆಯ ಬದಲು ಉಪ್ಪು ಹಾಕಿ, ವಿನಯದಿಂದ ತಲೆಬಾಗಿಸಿ ತಂದುಕೊಟ್ಟೆ. ಮೊದಲು ಅತ್ತೆ ಕುಡಿದಳು. ಉಗುಳಿದಳು.

“ಹಾಳಾದವನ! ನಾ ನಿನಗ ಎದಿಹಾಲು ಕುಡಿಸೀನಲೇ, ನೀ ನನಗ ಉಪ್ಪು ಕುಡಸ್ತಿ?”

ಎಲ್ಲರೂ ನಕ್ಕರು. ನನ್ನದೇ ಜೋರು. ಅಪ್ಪ ಮಾತ್ರ ನಗಲಿಲ್ಲ.

“ಯಾವಾಗ ಕುಡಿಸಿದ್ದಿ ಸೈದಾ?”

“ಅತ್ತಿಗೆವ್ವಗ ಟೈಫಾಯ್ಡ್ ಆಗಿತ್ತಲ್ಲಣ್ಣಾ, ನೀನು ದವಾಖಾನ್ಯಾಗ ಕುಂತಿದ್ದಿ. ಇಂವ ಡಬ್ಬಿ ಹಾಲು ಉಗುಳತಿದ್ದ. ನನ್ನ ದೊಡ್ಡ ಮಗನೂ ಆಗ ಕೈಗೂಸು. ಅಂವನ ಜೋಡಿ ಇವನ್ನೂ ಹಾಕ್ಕೊಂಡೆ. ನನಗೂ ಮರ್ತೇ ಹೋಗಿತ್ತು ನೋಡು, ಈ ಉಪ್ಪು ನೆನಪು ಮಾಡ್ತು.”

ಅವ್ವನ ಮುಖ ನೋಡಿದೆ. ಅವಳಿಗೂ ಗೊತ್ತಿರಲಿಲ್ಲ.

ಒಬ್ಬಳ ಎದೆಹಾಲು ಕುಡಿದವನಿಗೆ ಅವಳ ಮಕ್ಕಳೆಲ್ಲ ಒಡಹುಟ್ಟಿದವರು. ನಮ್ಮಲ್ಲಿ ಅವರಿಗೆ ನಿಕಾಹ್ ಇಲ್ಲ. ಅಪ್ಪ ಬಂದ ಕಾರಣ ಹೇಳಿದ. ಅತ್ತೆ ಬಾಯಿಗೆ ಸೆರಗು ತುರುಕಿಕೊಂಡಳು.

“ಹುಡುಗೀನ ಕೇಳಾಕ ಬಂದೀರಿ ಅಂತ ನನಗ್ಯಾರೂ ಹೇಳಲೇ ಇಲ್ಲಲ್ಲೋ...”

ಒಳಗೆ ಏನೋ ಪಾತ್ರೆ ಬಿತ್ತು.

೨೬

ಅಪ್ಪನ ಜೊತೆ ಹಗರಿಬೊಮ್ಮನಹಳ್ಳಿಗೆ, ಮಸೀದಿಯ ಹಜರತರ ಬಳಿ. ಗಂಭೀರವಾಗಿ ವಾದ ಮಂಡಿಸಿದೆ: ಕೂಸು ಕುಡಿದಂತೆ ನಟಿಸಿರಬಹುದು. ಈ ಕೂಸಿನ ನಡತೆ ಊರಿಗೇ ಗೊತ್ತು.

ಹಜರತರು ಕನ್ನಡಕ ತೆಗೆದು ಒರೆಸಿದರು. “ಒಂದು ಗುಟುಕು ಒಳಗ ಹೋದ್ರೂ ಸಾಕಪ್ಪಾ. ಆಕಿ ನಿನ್ನ ತಂಗಿ.”

ಬಸ್ ಸ್ಟ್ಯಾಂಡಿನಲ್ಲಿ ಅಪ್ಪ ಶೇಂಗಾ ಕೊಡಿಸಿದ. ಚಿಕ್ಕವನಿದ್ದಾಗ ಕೊಡಿಸುತ್ತಿದ್ದ ಹಾಗೆ.

“ನಾ ಉಪ್ಪು ಹಾಕದಿದ್ರ ಗೊತ್ತಾಗ್ತಿರಲಿಲ್ಲ, ಅಲ್ಲೇನಪ್ಪಾ?”

“ಹಂಗ ಅನಬ್ಯಾಡಲೇ.”

ಶೇಂಗಾ ಬಾಯಿಗೆ ಹಾಕಿಕೊಂಡೆ. ಉಪ್ಪು ಹಚ್ಚಿ ಹುರಿದಿದ್ದರು. ಉಗುಳಿದೆ.

೩೦, ಹರಪನಹಳ್ಳಿ

ಜೀಪು ಹೇಳಿಯಾಗಿತ್ತಲ್ಲ, ಹೋದೆವು. ಬೇಡ ಎನ್ನಲು ಯಾರಿಗೂ ಧೈರ್ಯವಾಗಲಿಲ್ಲ. ಕೋಟೆ ಇದೆ. ಕಲ್ಲು ಇವೆ. ಗಾಳಿ ಇದೆ.

ಜುಬೇದಾ ನನ್ನೆದುರು ತಲೆಯ ಮೇಲೆ ಸೆರಗು ಹೊದೆಯುವುದಿಲ್ಲ ಈಗ. ಬೇಕಿಲ್ಲ, ಅಣ್ಣನಲ್ಲವೇ. ಅವಳ ಕೂದಲು ಅಷ್ಟು ಉದ್ದವೆಂದು ಇವತ್ತೇ ಗೊತ್ತಾದದ್ದು. ಕಣ್ಣು ಊದಿದ್ದವು. ನಾನು ಒಂದೂ ಭಾಷಣ ಮಾಡಲಿಲ್ಲ.

ಮೆಟ್ಟಿಲ ನಡುವೆ ದಣಿದು ನಿಂತಳು. ಅತ್ತೆ ಕೆಳಗಿನಿಂದಲೇ ಕೂಗಿದಳು:

“ಏ ಜಮಾಲಾ, ತಂಗಿ ಕೈ ಹಿಡಕೊಳ್ಳೋ, ಮೆಟ್ಲು ಜಾರ್ತಾವ!”

ಮೆಟ್ಟಿಲು ಒಣಗಿ ಬಿದ್ದಿದ್ದವು.

ಜುಬೇದಾ ಕೈ ಚಾಚಿದಳು. ನಾನು ಹಿಡಿದೆ, ಅಣ್ಣನ ಹಾಗೆ.