ಉಡಚಮ್ಮನ ಪಾದ

ನನ್ನೊಳಗೆ ಈಜುತ್ತಿರುವ ಪುಟ್ಟ ಜೀವವೇ,

ಆನೆಗೊಂದಿಯಲ್ಲೀಗ ಮಧ್ಯಾಹ್ನ. ಬಾಳೆ ತೋಟದ ಕಡೆಯಿಂದ ತಂಪು ಗಾಳಿ ಬರುತ್ತಿದೆ. ಎಚ್ಚರವೋ ನಿದ್ದೆಯೋ ತಿಳಿಯದ ಈ ಹೊತ್ತಿನಲ್ಲಿ ನಿನಗೆ ನಿನ್ನ ಅಜ್ಜಿ, ಅಪ್ಪನ ಅವ್ವ ಉಡಚಮ್ಮನ ಬಗ್ಗೆ ಹೇಳಬೇಕೆನಿಸಿತು.

ಹೋದ ವರ್ಷ ತೋಟದಲ್ಲಿ ಅವರ ಅಂಗಾಲಿಗೆ ಮುಳ್ಳು ಚುಚ್ಚಿತು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದಿತ್ತು, ನೋವೇ ಗೊತ್ತಾಗಲಿಲ್ಲ. ಗೊತ್ತಾಗುವಷ್ಟರಲ್ಲಿ ಕೀವು ತುಂಬಿತ್ತು. ಮುಲಾಮು, ಗುಳಿಗೆ, ಇಂಜೆಕ್ಷನ್ ಎಲ್ಲ ಆದವು. ಗಾಯ ಒಣಗಿದಂತೆ ಕಾಣುವುದು, ಮತ್ತೆ ಒಸರುವುದು. ನೀನು ಬರುವ ಸುದ್ದಿ ತಿಳಿದ ದಿನ ನಾವೆಲ್ಲ ಸಕ್ಕರೆ ಹಂಚುತ್ತಿದ್ದರೆ ಅವರು ತಮ್ಮ ಹಾಸಿಗೆಯನ್ನು ಹೊರಗಿನ ಪಡಸಾಲೆಗೆ ಒಯ್ದರು. "ನನ್ನ ಗಾಯದ ವಾಸನಿ ಕೂಸಿಗೆ ತಾಗಬಾರದು" ಎಂದರು. ಅಂದಿನಿಂದ ಮನೆಯಲ್ಲಿ ನನ್ನ ಹತ್ತಿರ ಸುಳಿಯಲೇ ಇಲ್ಲ.

ಪಾದ ತೆಗೆಯಬೇಕಾದೀತೆಂದು ಯಾರೋ ಹೇಳಿದ ಮೇಲೆ ನಿನ್ನ ಅಪ್ಪ ಮತ್ತು ನಾನು ಅವರನ್ನು ಗಂಗಾವತಿಯ ಡಾಕ್ಟರ್ ಅಬ್ದುಲರೌಫರ ಬಳಿ ಕರೆದೊಯ್ದೆವು. ಕಾಲಿಗೆ ರಕ್ತ ಚೆನ್ನಾಗಿ ಹರಿಯುತ್ತಿದೆ, ಉಳಿಸಲು ನೋಡೋಣ ಎಂದರು ಅವರು. ಕ್ರಿಮಿಗಳು ಒಂದಕ್ಕೊಂದು ಅಂಟಿಕೊಂಡು, ಲೋಳೆಯ ಪದರ ಹೊದ್ದು ಗಾಯದೊಳಗೆ ಕೂತಿದ್ದವಂತೆ. ಔಷಧಿ ಅವುಗಳನ್ನು ಮುಟ್ಟುತ್ತಲೇ ಇರಲಿಲ್ಲ.

"ಹೊಳ್ಯಾಗಿನ ಕಲ್ಲಿನ ಮ್ಯಾಲೆ ಪಾಚಿ ನೋಡೀರಲ್ಲವ್ವ, ಎಷ್ಟು ನೀರು ಹರಿದ್ರೂ ಹೋಗಂಗಿಲ್ಲ. ಕೆರಿಬೇಕು. ಮತ್ತ ಬರತೈತಿ, ಮತ್ತ ಕೆರಿಬೇಕು" ಎಂದರು ಡಾಕ್ಟರು.

ವಾರವಾರವೂ ಹೋದೆವು. ಡಾಕ್ಟರು ಕೆರೆದು ತೊಳೆಯುವಾಗ ಅಜ್ಜಿ ಬೇರೆ ಯಾರದೋ ಕಾಲೆಂಬಂತೆ ಕಿಟಕಿಯಾಚೆ ನೋಡುತ್ತಿದ್ದರು. ಬರುವಾಗ ದಾರಿಯುದ್ದಕ್ಕೂ ಹಸಿರು ಗದ್ದೆಗಳು ತೇಲಿ ತೇಲಿ ಹಿಂದೆ ಸರಿಯುತ್ತಿದ್ದವು. ಒಮ್ಮೆ ಬಸ್ಸಿನಲ್ಲಿ ಮೆಲ್ಲಗೆ ಹೇಳಿದರು: "ಬಸುರಿ ಹೆಣಮಗಳು ನನ್ನ ಸಲುವಾಗಿ ಎಷ್ಟಂತ ತಿರಗತಿ? ಕೊಯ್ದು ಒಗೀರಿ ಅಂತ ಹೇಳು ಅವರಿಗೆ." ನಾನು ಅವರ ಕೈ ಹಿಡಿದು ಕೂತೆ. ಅವರೂ ಬಿಡಿಸಿಕೊಳ್ಳಲಿಲ್ಲ.

ಆಮೇಲೊಂದು ದಿನ ಕೆರೆದಲ್ಲಿ ಕೆಂಪು ರಕ್ತ ಜಿನುಗಿತು. ನಾನು ಬೆಚ್ಚಿದೆ. ಡಾಕ್ಟರು ನಕ್ಕು, ಒಳಗಿನ ಮಾಂಸಕ್ಕೆ ಜೀವ ಇದೆ ಎಂದರು. ಅಲ್ಲಿಂದ ಗಾಯದ ಅಂಚು ನಿಧಾನವಾಗಿ ಒಳಸರಿಯತೊಡಗಿತು. ಈಗ ಜೋಳದ ಕಾಳಿನಷ್ಟು ಉಳಿದಿದೆ. ವಾಸನೆಯಿಲ್ಲ.

ನಿನ್ನೆ ಅವರು ತಾವಾಗಿಯೇ ಒಳಗೆ ಬಂದು ನನ್ನ ಪಕ್ಕದಲ್ಲಿ ಮಲಗಿದರು. ಅಂಜುತ್ತಲೇ ನನ್ನ ಹೊಟ್ಟೆಯ ಮೇಲೆ ಕೈಯಿಟ್ಟರು. ನೀನು ಜೋರಾಗಿ ಒದ್ದೆ. ನಾನು ಮುಖ ಕಿವುಚಿದೆ.

"ಒದೀಲಿ ಬಿಡವ್ವ," ಎಂದರು ಕಣ್ಣು ಮುಚ್ಚಿಕೊಂಡೇ, "ಕಾಲು ಗಟ್ಟಿ ಅದಾವ."

ಆ ಕಾಲುಗಳು ನಿನ್ನನ್ನು ಬಹಳ ದೂರ ನಡೆಸಲಿ ಎಂದು ಹರಸುವ,

ನಿನ್ನ ಅವ್ವ,
ರೂಪಾ