ಪಾಲಿಶ್ ಕೆಲಸಕ್ಕೆ ಬಂದ ಸೋಮಲಿಂಗಪ್ಪ

ಜುಲೈ ೧೪, ಸೋಮವಾರ

ಎರಕ ಮುಗಿದ ಹಿತ್ತಾಳೆ ದೀಪಗಳು ಶೆಡ್ಡಿನ ತುಂಬ ಮಂಕಾಗಿ ಬಿದ್ದಿವೆ. ಪಾಲಿಶ್ ಮಾಡುವವರು ಮಾತ್ರ ಸಿಗುತ್ತಿಲ್ಲ. ತಲೆ ಕೆಟ್ಟುಹೋಗಿದೆ.

ಇಂದು ಬೇಗೂರಿನಿಂದ ಸೋಮಲಿಂಗಪ್ಪ ಎನ್ನುವವರು ಕೆಲಸ ಕೇಳಿಕೊಂಡು ಬಂದರು. ಒಂದು ದೀಪ ಕೊಟ್ಟು ನೋಡಿದೆ. ಪಾಲಿಶ್ ಚಕ್ರಕ್ಕೆ ಹಿಡಿದದ್ದೇ ತಡ, ಚಿನ್ನದ ಹಾಗೆ ಹೊಳೆಯಿತು. ಸದ್ಯ, ಸಿಕ್ಕರಲ್ಲ ಎಂದುಕೊಳ್ಳುವಷ್ಟರಲ್ಲಿ ಅವರಿಗೆ ಕೆಮ್ಮು ಶುರುವಾಯಿತು. ಗೋಡೆ ಹಿಡಿದು ಕೂತೇಬಿಟ್ಟರು.

“ಡಾಕ್ಟ್ರಿಗೆ ತೋರಿಸಿದ್ರಾ?” ಎಂದೆ.

“ಧೂಳು ಬೇಡ ಅಂತಾರೆ ಮೇಡಂ. ನಂಗೆ ಬರೋದು ಇದೊಂದೇ ಕೆಲ್ಸ.”

“ಹಾಗಾದ್ರೆ ಬೇಡ. ನಿಮ್ಮನ್ನ ಈ ಧೂಳಲ್ಲಿ ಕೂರಿಸೋದು ನನ್ನ ಕೈಲಿ ಆಗಲ್ಲ.”

“ನೀವು ಬೇಡ ಅಂದ್ರೆ ನನ್ನ ಎದೆ ವಾಸಿ ಆಗ್ಬಿಡುತ್ತಾ?” ಎಂದು ಸಿಟ್ಟಿನಿಂದ ಎದ್ದು ಹೋದರು.

ಸಂಜೆ ಬಾಗಿಲು ಹಾಕುವಾಗ ನೋಡಿದರೆ, ಪಕ್ಕದ ಶೆಡ್ಡಿನ ಚಕ್ರದ ಮುಂದೆ ಅವರೇ! ಮೂಗಿಗೆ ಒಂದು ಬಟ್ಟೆಯೂ ಇಲ್ಲ. ನನ್ನನ್ನು ಕಂಡು ಮುಖ ತಿರುಗಿಸಿಕೊಂಡರು.

ಯಾರ ಮೇಲೆ ರೇಗಲಿ? ನನ್ನ ದೀಪಗಳು ಹಾಗೇ ಬಿದ್ದಿವೆ, ಅವರ ಎದೆಯೂ ಉಳಿಯಲಿಲ್ಲ. ಬೇಡ ಎಂದು ಕಳಿಸಿದ್ದರಿಂದ ಏನು ಸಾಧಿಸಿದ ಹಾಗಾಯಿತು? ನೀವು ಚಕ್ರ ಮುಟ್ಟಬೇಡಿ, ದೂರ ನಿಂತು ಬೇರೆಯವರಿಗೆ ಕಲಿಸಿಕೊಡಿ ಎನ್ನಬಹುದಿತ್ತು. ಈ ಬುದ್ಧಿ ಈಗ ಬಂದಿದೆ. ನಾಳೆ ಹೋಗಿ ಕರೆಯುತ್ತೇನೆ. ಬರುತ್ತಾರೋ, ಇಲ್ಲ ಮತ್ತೆ ಮುಖ ತಿರುಗಿಸಿಕೊಳ್ಳುತ್ತಾರೋ, ನೋಡಬೇಕು.