ದುರುಗಮ್ಮನಿಗೆ ಉಳಿದ ಒಂದೇ ಮಾತು

ಹೊನ್ನಾಳಿ
14-11-1983, ಸಂಜೆ

ಚನ್ನಗಿರಿಯಲ್ಲಿರುವ ನನ್ನ ಅವ್ವನಿಗೆ ರುದ್ರಾಣಿಯ ನಮಸ್ಕಾರಗಳು.

ಮೊದಲು ‘ನಾವು ಕ್ಷೇಮ’ ಎಂದು ಬರೆಯಬೇಕು. ಕೈ ಬರುತ್ತಿಲ್ಲ. ಪಂಪ್‌ಸೆಟ್ ರಿಪೇರಿಗೆಂದು ಬೆಳಿಗ್ಗೆ ಸ್ಕೂಟರಿನಲ್ಲಿ ಸವಳಂಗಕ್ಕೆ ಹೋದ ನಿನ್ನ ಅಳಿಯ ಊಟದ ಹೊತ್ತಿಗೆ ಬರುತ್ತೇನೆಂದವರು, ದೀಪ ಹಚ್ಚಿದರೂ ಬಂದಿಲ್ಲ. ಸುಮ್ಮನೆ ಕೂರಲು ಆಗುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಆಸ್ಪತ್ರೆಯಲ್ಲಿ ನನ್ನ ಕೆಲಸ ನಿನಗೆ ಗೊತ್ತಲ್ಲ, ಲಕ್ವ ಹೊಡೆದು ಮಾತು ಹೋದ ದೊಡ್ಡವರಿಗೆ ಮತ್ತೆ ಮಾತು ಕಲಿಸುವುದು. ಈಗ ಜಗಳೂರು ಕಡೆಯ ಬಿಳಿಚೋಡಿನಿಂದ ದುರುಗಮ್ಮ ಎಂಬಾಕೆ ಬಂದಿದ್ದಾಳೆ. ಎಲ್ಲ ಮಾತೂ ಹೋಗಿ ‘ಜಂಪಣ್ಣ’ ಎಂಬುದೊಂದೇ ಉಳಿದಿದೆ. ಅದು ಅವಳ ಗಂಡನ ಹೆಸರು! ಮದುವೆಯಾದಾಗಿನಿಂದ ಒಮ್ಮೆಯೂ ಬಾಯಲ್ಲಿ ಆಡದ ಹೆಸರು. ನೀರು ಕೇಳಲು ಹೋದರೂ ಅದೇ, ನೋವಾದರೂ ಅದೇ. ಆ ಹೆಸರು ಬಾಯಿಂದ ಬಂದ ಕೂಡಲೇ ಎಡಗೈಯಿಂದ ಬಾಯಿ ಮುಚ್ಚಿಕೊಂಡು ಅಳುತ್ತಾಳೆ. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನೀನೂ ಹೆದರುತ್ತಿದ್ದೆಯಲ್ಲ.

ಇಂಥವರಿಗೆ ಉಳಿದ ಮಾತೇ ಹಿಡಿಕೆ. ಅದನ್ನೇ ಮತ್ತೆ ಮತ್ತೆ ಹೇಳಿಸಿ, ಅದರ ಬೆನ್ನಿಗೆ ಬೇರೆ ಮಾತನ್ನು ಎಳೆದು ತರಬೇಕು. ಇವತ್ತು ಬೆಳಿಗ್ಗೆ ‘ಜಂಪಣ್ಣ, ಬಾ’ ಎಂದಳು! ನಾನು ಕುಣಿಯುವುದೊಂದು ಬಾಕಿ. ಆದರೆ ಬಾಗಿಲಲ್ಲಿದ್ದ ಜಂಪಣ್ಣನ ಮುಖ ಬಿಳಿಚಿಕೊಂಡಿತು. “ಸಾಕು ಬಿಡ್ರೀ ಮೇಡಂ. ಇವಳಿಗೆ ಮಾತು ಬರಾಕೆ ನನ್ನ ಜೀವ ಹೋಗ್ಬೇಕೇನ್ರೀ? ನಾಳೆ ಊರಿಗೆ ಕರ್ಕಂಡು ಹೋಗ್ತೀನಿ,” ಎಂದ. ಹೋದರೆ ಅವಳಿಗೆ ಇನ್ನು ಮಾತು ಬಂದ ಹಾಗೆಯೇ.

ನನಗೆ ಸಿಟ್ಟು ನೆತ್ತಿಗೇರಿತು. ಇಡೀ ವಾರ್ಡಿನ ಮುಂದೆ ನನ್ನ ಗಂಡನ ಹೆಸರನ್ನು ಗಟ್ಟಿಯಾಗಿ ಹೇಳಿದೆ. “ಏನಾಯ್ತು ನೋಡ್ರಿ! ಇನ್ನು ಮನೇಲೂ ಹಿಂಗೇ ಕರೀತೀನಿ,” ಎಂದೆ. ಜಂಪಣ್ಣ ತಣ್ಣಗೆ, “ಈಗ್ಲೇ ಹೆಂಗೆ ಗೊತ್ತಾಗ್ತೈತ್ರೀ? ನಾಳೆ ನಿಮ್ಮ ಯಜಮಾನ್ರನ್ನ ಇಲ್ಲಿಗೆ ಕರ್ಕಂಡು ಬರ್ರಿ. ಅವರು ಚೆನ್ನಾಗಿದ್ರೆ ಇವಳ್ನ ಇಲ್ಲೇ ಬಿಡ್ತೀನಿ,” ಎಂದ. ಆಗಲಿ ಎಂದು ಜಂಬದಿಂದ ಮನೆಗೆ ಬಂದೆ.

ಇವರಿಗೆಂದು ಮುಚ್ಚಿಟ್ಟ ತಟ್ಟೆ ಹಾಗೇ ಇದೆ. ಯಾವ ಸ್ಕೂಟರ್ ಸದ್ದಾದರೂ ಬಾಗಿಲಿಗೆ ಓಡುತ್ತೇನೆ. ಓದಿದವಳು ನಾನು, ಇದೆಲ್ಲ ಸುಳ್ಳೆಂದು ಗೊತ್ತು. ಆದರೂ ಹೆದರಿಕೆಯಾಗಿದೆ ಅವ್ವ, ಬಹಳ ಹೆದರಿಕೆ. ಆ ಹೆಸರನ್ನು ಈ ಕಾಗದದಲ್ಲಿ ಬರೆಯಲೂ ಧೈರ್ಯವಿಲ್ಲ. ನಾಳೆ ಒಬ್ಬಳೇ ಹೋಗಬೇಕಾಗಿ ಬಂದರೆ ದುರುಗಮ್ಮನ ಮುಖ ಹೇಗೆ ನೋಡಲಿ?

ನಿನ್ನ ಮಗಳು,
ರುದ್ರಾಣಿ

ಮತ್ತೆ: ಲಕೋಟೆ ಅಂಟಿಸುವಷ್ಟರಲ್ಲಿ ಬಂದರು. ನ್ಯಾಮತಿ ದಾಟಿದ ಮೇಲೆ ಎಮ್ಮೆ ಅಡ್ಡ ಬಂದು ಬಿದ್ದರಂತೆ. ಮೊಣಕಾಲಿಗೆ ದೊಡ್ಡ ಪಟ್ಟಿ. ಎಷ್ಟು ಹೊತ್ತಿಗೆ ಬಿದ್ದದ್ದು ಎಂದು ನಾನು ಕೇಳಲಿಲ್ಲ. ನಾಳೆ ಅಗಲದ ಪ್ಯಾಂಟ್ ಹಾಕಿಕೊಂಡು, ಕುಂಟದೆ ವಾರ್ಡಿಗೆ ನಡೆದು ಬರಬೇಕೆಂದು ಬೇಡಿಕೊಂಡೆ, ನಗುತ್ತಾ ಒಪ್ಪಿದ್ದಾರೆ. ಹೆಸರು ಹಿಡಿದೇ ಕರೆಯುತ್ತೇನೆಂದು ಅಷ್ಟು ಜನರ ಮುಂದೆ ಹೇಳಿ ಬಂದವಳು ನಾನು. ಬಾಗಿಲು ತೆಗೆದಾಗ ನನ್ನ ಬಾಯಿಂದ ಬಂದದ್ದು “ರೀ” ಎಂಬುದೊಂದೇ.